ಅಗಾವ್ ನಿಘಂಟನ್ನು ಸವಿಯುವ ಬಗೆ

ಡೇವಿಡ್ ಆಪಲ್‌ಯಾರ್ಡ್ ಅವರ ಅಗಾವ್ ಭಾಷೆಗಳ ತೌಲನಿಕ ನಿಘಂಟು 2006ರಲ್ಲಿ ಜರ್ಮನಿಯ ಕಲೋನ್‌ನಿಂದ ಹೊರಬಂತು. ಕೈಗೆ ಸಿಕ್ಕರೆ ಮೊದಲ ಪುಟದಿಂದ ಶುರುಮಾಡಬೇಡಿ, ಬೇಸರ ಬಂದೀತು. ‘ಮೂರು’ ಎಂಬ ಒಂದೇ ನಮೂದನ್ನು ಹಿಡಿದು ಕೂರಿ.

ಅಲ್ಲಿ ನಾಲ್ಕು ಭಾಷೆಗಳು ಎದುರಾಗುತ್ತವೆ. ಎರಿಟ್ರಿಯಾದ ಕೆರೆನ್ ಸುತ್ತಿನ ಬಿಲಿನ್, ಇಥಿಯೋಪಿಯಾದ ಸೆಕೋಟಾ ಕಡೆಯ ಖಮ್ತಾಂಗ, ಗೊಂಡಾರ್ ಬಳಿಯ ಕೆಮಾಂತ್ನೆಯ್, ತಾನಾ ಸರೋವರದ ದಕ್ಷಿಣಕ್ಕೆ ಔಂಗಿ. ನಾಲ್ಕೂ ಕುಷೈಟಿಕ್ ಕುಟುಂಬದ ನಡುಶಾಖೆಯಾದ ಅಗಾವ್‌ಗೆ ಸೇರಿದವು. ಕನ್ನಡ ಲಿಪಿಗೆ ದಕ್ಕಿದಷ್ಟು ಬರೆದರೆ, ಮೂರಕ್ಕೆ ಬಿಲಿನ್‌ನಲ್ಲಿ ‘ಸೆಖ್ವಾ’, ಖಮ್ತಾಂಗದಲ್ಲಿ ‘ಶಕ್ವಾ’, ಔಂಗಿಯಲ್ಲಿ ‘ಶುಘಾ’. ಗಟ್ಟಿಯಾಗಿ ಹೇಳಿ ನೋಡಿ. ಮೊದಲೆರಡರಲ್ಲಿ ತುಟಿ ದುಂಡಗಾಗುವುದು ವ್ಯಂಜನದ ಜೊತೆಗೆ. ಔಂಗಿಯಲ್ಲಿ ಆ ದುಂಡುತನ ಸ್ವರಕ್ಕೆ ಜಾರಿ ‘ಉ’ ಆಗಿದೆ. ಇದು ಆಕಸ್ಮಿಕವೇ? ‘ನೀರು’ ತೆಗೆಯಿರಿ: ಖಮ್ತಾಂಗದಲ್ಲಿ ‘ಅಕ್ವ್’, ಔಂಗಿಯಲ್ಲಿ ‘ಅಘು’. ಮತ್ತದೇ ಚಾಳಿ! ತಮಿಳಿನ ಪಾಲ್ ನಮ್ಮಲ್ಲಿ ಹಾಲಾದ ಹಾಗೆ, ವ್ಯತ್ಯಾಸಕ್ಕೂ ಒಂದು ಕಟ್ಟುಪಾಡಿದೆ. ಹೋಲಿಕೆ ಹುಡುಕುವವನು ಹೊಸಬ. ನಿಯಮ ತಪ್ಪದ ಭೇದಕ್ಕೆ ಕಿವಿಗೊಡುವವನೇ ಈ ಪ್ರಕಾರದ ರಸಿಕ.

ಪದದ ಆರಂಭದಲ್ಲಿ ನಕ್ಷತ್ರಚಿಹ್ನೆ ಕಂಡರೆ, ಅದು ಯಾರೂ ಕೇಳಿದ್ದಲ್ಲ, ಎಲ್ಲೂ ಬರೆದಿಟ್ಟದ್ದಲ್ಲ. ಇಂದಿನ ರೂಪಗಳಿಂದ ಊಹಿಸಿ ಕಟ್ಟಿದ ಮೂಲ ಎಂದು ತಿಳಿಯಿರಿ.

ತೀರಾ ಒಂದೇ ಥರ ಕಾಣುವ ಪದಗಳನ್ನು ಮಾತ್ರ ಸಂಶಯದಿಂದ ನೋಡಿ. ಬಿಲಿನ್‌ಗೆ ನೆರೆಭಾಷೆಗಳಾದ ಟಿಗ್ರೆ, ಟಿಗ್ರಿನ್ಯಾಗಳ ಒತ್ತು, ಉಳಿದವಕ್ಕೆ ಅಮ್ಹಾರಿಕ್‌ನದು. ಹೀಗಾಗಿ ಸಾಲ ತಂದ ಪದಗಳು ದಾಯಾದಿಗಳ ವೇಷದಲ್ಲಿ ಬಂದು ಕೂರುತ್ತವೆ. ಕೊಡುಕೊಳ್ಳುವಿಕೆ ಒಮ್ಮುಖವೂ ಅಲ್ಲ. ಸೆಮಿಟಿಕ್ ಭಾಷೆಯಾದ ಅಮ್ಹಾರಿಕ್‌ನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದಕ್ಕೆ ಅಗಾವ್‌ನಂಥ ಕುಷೈಟಿಕ್ ಭಾಷೆಗಳ ಪ್ರಭಾವವೇ ಕಾರಣ ಎನ್ನುವ ವಿದ್ವಾಂಸರು ಹಲವರು.

ಯಾವ ರೂಪವನ್ನು ಯಾರು, ಯಾವಾಗ ದಾಖಲಿಸಿದರು ಎಂಬುದನ್ನೂ ಗಮನಿಸಿ. ಲಿಯೋ ರೈನಿಶ್ ಬಿಲಿನ್ ಪದಕೋಶ ಪ್ರಕಟಿಸಿದ್ದು 1887ರಲ್ಲಿ. ಕಾಂಟಿ ರೊಸ್ಸಿನಿ ಕೆಮಾಂತ್ನೆಯ್ ಭಾಷೆಯ ಬಗ್ಗೆ ಬರೆದದ್ದು 1912ರಲ್ಲಿ. ಅವರ ಕಿವಿ ಹಿಡಿದದ್ದನ್ನು ಇಂದಿನ ಧ್ವನಿಯೆಂದು ನಂಬಿಬಿಡುವಂತಿಲ್ಲ. ಕೆಮಾಂತ್ನೆಯ್ ರೂಪಗಳ ಮೇಲೆ ಹೆಚ್ಚು ಹೊತ್ತು ನಿಲ್ಲಿ. 1994ರ ಇಥಿಯೋಪಿಯಾ ಜನಗಣತಿಯಲ್ಲಿ ಅದನ್ನು ತಾಯ್ನುಡಿ ಎಂದು ಬರೆಸಿದವರು ಸುಮಾರು 1,650 ಮಂದಿ.