ಸಿದ್ಧಮಾದರಿಯೂ ಸ್ವಂತ ಕೃತಿಯೂ: ವಾಸ್ತುಚಿತ್ರಣ ಸ್ಪರ್ಧೆಯ ಒಂದು ನಿಯಮದ ವಿಮರ್ಶೆ

ಭಗ್ನವಾದ ಪ್ರಾಚೀನ ದೇವಾಲಯವೊಂದು ಪೂರ್ಣಸ್ಥಿತಿಯಲ್ಲಿ ಹೇಗೆ ಕಾಣುತ್ತಿದ್ದಿರಬಹುದೆಂಬುದನ್ನು ಕಂಪ್ಯೂಟರಿನ ನೆರವಿನಿಂದ ಮೂರು ಆಯಾಮಗಳಲ್ಲಿ ಚಿತ್ರಿಸಿ ತೋರಿಸುವ ಅಭ್ಯಾಸವು ಈಚಿನ ವರ್ಷಗಳಲ್ಲಿ ನಮ್ಮ ಕಾಲೇಜುಗಳಿಗೂ ಬಂದಿದೆ. ಇತಿಹಾಸದ ವಿದ್ಯಾರ್ಥಿಗಳೂ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಕೂಡಿ ದುಡಿಯಬಹುದಾದ ಕ್ಷೇತ್ರಗಳು ವಿರಳ, ಇದು ಅಂಥವುಗಳಲ್ಲೊಂದು. ಆದಕಾರಣ ಇಂತಹ ಸ್ಪರ್ಧೆಗಳು ಏರ್ಪಡುವುದು ಸಂತೋಷದ ಸಂಗತಿಯೇ ಸರಿ. ಆದರೆ ಸ್ಪರ್ಧೆಯೆಂದ ಮೇಲೆ ನಿಯಮಗಳಿರಬೇಕು. ನಿಯಮವು ದಾರಿತಪ್ಪಿದರೆ ಒಳ್ಳೆಯ ಕೆಲಸವೇ ಸೋಲುತ್ತದೆ. ಪ್ರಕೃತ ಲೇಖನದಲ್ಲಿ ಅಂತಹ ಒಂದು ನಿಯಮವನ್ನು ಮಾತ್ರ ಪರಿಶೀಲಿಸಲು ಉದ್ದೇಶಿಸಿದ್ದೇನೆ. ಅದು ಸಿದ್ಧಮಾದರಿಗಳ ಬಳಕೆಗೆ ಸಂಬಂಧಿಸಿದುದು.

ಸಿದ್ಧಮಾದರಿಯೆಂದರೇನೆಂಬುದನ್ನು ಮೊದಲು ಹೇಳಬೇಕು. ಕಂಬ, ಬಾಗಿಲವಾಡ, ಮರ, ಎತ್ತಿನ ಗಾಡಿ, ದೀಪಸ್ತಂಭ, ಮನುಷ್ಯಾಕೃತಿ ಮೊದಲಾದವುಗಳನ್ನು ಬೇರೆ ಯಾರೋ ಮೊದಲೇ ರಚಿಸಿ ಸಾರ್ವಜನಿಕ ಭಂಡಾರಗಳಲ್ಲಿ ಇಟ್ಟಿರುತ್ತಾರೆ. ಸ್ಕೆಚ್‌ಅಪ್ ಬಳಸುವವರಿಗೆ ಪರಿಚಿತವಾದ ‘ತ್ರೀಡಿ ವೇರ್‌ಹೌಸ್’ ಇಂತಹ ಒಂದು ಭಂಡಾರ. ಇವುಗಳಲ್ಲಿ ಕೆಲವು ಉಚಿತ, ಕೆಲವು ಹಣ ಕೊಟ್ಟು ಕೊಳ್ಳತಕ್ಕವು. ಚಿತ್ರಕಾರನು ಬೇಕಾದುದನ್ನು ತಂದು, ಅಳತೆಯನ್ನು ಹಿಗ್ಗಿಸಿ ಕುಗ್ಗಿಸಿ, ತನ್ನ ದೃಶ್ಯದಲ್ಲಿ ನಿಲ್ಲಿಸಿಕೊಳ್ಳಬಹುದು.

ಎರಡು ವರ್ಷಗಳ ಹಿಂದೆ ಒಂದು ಅಂತರ-ಕಾಲೇಜು ಸ್ಪರ್ಧೆಯ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಕಲ್ಯಾಣದ ಚಾಲುಕ್ಯರ ಕಾಲದ, ಶಿಖರವನ್ನು ಕಳೆದುಕೊಂಡಿರುವ, ಬಳ್ಳಾರಿ ಸೀಮೆಯ ಗುಡಿಯೊಂದನ್ನು ಪೂರ್ಣರೂಪದಲ್ಲಿ ಚಿತ್ರಿಸಬೇಕೆಂಬುದು ವಿಷಯ. ಎಲ್ಲ ಆಕೃತಿಗಳನ್ನೂ ಸ್ಪರ್ಧಿಯೇ ರಚಿಸಿರತಕ್ಕದ್ದು, ಸಿದ್ಧಮಾದರಿಗಳನ್ನು ಬಳಸಕೂಡದು ಎಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಹೇಳಿತ್ತು. ಕೊನೆಯ ಸುತ್ತಿಗೆ ಎರಡು ಕೃತಿಗಳು ಉಳಿದವು.

ಮೊದಲನೆಯದು ನೋಡಲು ಬಹು ಸೊಗಸಾಗಿತ್ತು. ಸಂಜೆಯ ಬೆಳಕು ಕಂಬಗಳ ಉಂಗುರಗಳ ಮೇಲೆ ಬಿದ್ದು ಜಾರುವಂತೆ ತೋರುತ್ತಿತ್ತು. ಪ್ರತಿಯೊಂದು ಆಕೃತಿಯೂ ಸ್ಪರ್ಧಿಯ ಕೈಯಿಂದಲೇ ಆದದ್ದು, ಅದರಲ್ಲಿ ಸಂದೇಹವಿರಲಿಲ್ಲ. ಆದರೆ ಗರ್ಭಗೃಹದ ಮೇಲೆ ಏರಿಸಿದ್ದ ಶಿಖರವು ಸೋಮನಾಥಪುರದ ನಕ್ಷತ್ರಾಕಾರದ ಶಿಖರವನ್ನು ನೆನಪಿನಿಂದ ಇಳಿಸಿದಂತಿತ್ತು. ಕೆಳಗಿನ ಗೋಡೆಯಾದರೋ ಚೌಕ ತಳವಿನ್ಯಾಸದ್ದು! ಎರಡನೆಯ ಕೃತಿಯು ರೂಪನಗುಡಿಯ ಕಡೆಯ ಒಂದು ಹಳ್ಳಿಯ ವಿದ್ಯಾರ್ಥಿನಿಯದು. ಆಕೆ ಟೇಪು ಹಿಡಿದು ಗುಡಿಯ ಅಧಿಷ್ಠಾನದ ಪಟ್ಟಿಕೆಗಳನ್ನೂ ಕಂಬಗಳನ್ನೂ ಅಳೆದು, ಗೋಡೆಯ ಮೇಲೆ ಉಳಿದಿರುವ ಕಿರುಗೋಪುರಗಳನ್ನು ಆಧರಿಸಿ ಶಿಖರವನ್ನು ಊಹಿಸಿ ರಚಿಸಿದ್ದಳು. ಅಂಗಳದ ಬೇವಿನ ಮರ, ಒಂದು ಗಾಡಿ, ಶಿಖರದ ತುದಿಯ ಕಳಶ, ಇಷ್ಟನ್ನು ಮಾತ್ರ ಉಚಿತ ಭಂಡಾರದಿಂದ ತಂದುದಾಗಿ ಒಂದು ಹಾಳೆಯಲ್ಲಿ ಬರೆದು ಲಗತ್ತಿಸಿದ್ದಳು. ಆ ಹಾಳೆಯ ಆಧಾರದ ಮೇಲೆಯೇ ಆಕೆಯ ಕೃತಿಯು ಅನರ್ಹವಾಯಿತು. ಮೊದಲನೆಯದಕ್ಕೆ ಬಹುಮಾನ ಬಂದಿತು. ಆ ತೀರ್ಪಿಗೆ ನಾನೂ ಸಹಿ ಮಾಡಿದೆ.

ಈ ನಿಯಮದ ಹಿಂದಿರುವ ಆಶಯವು ಅಲ್ಲಗಳೆಯತಕ್ಕದ್ದಲ್ಲ. ಪರರ ಶ್ರಮವನ್ನು ತನ್ನದೆಂದು ತೋರಿಸಿ ಮನ್ನಣೆ ಪಡೆಯುವುದು ಎಲ್ಲ ವಿದ್ಯೆಗಳಲ್ಲಿಯೂ ದೋಷವೇ. ಹಣವುಳ್ಳವನು ಉತ್ತಮ ಮಾದರಿಗಳನ್ನು ಕೊಂಡು ತಂದು ಬಡವನನ್ನು ಹಿಂದಿಕ್ಕುವುದೂ ನ್ಯಾಯವಲ್ಲ. ಕಾಲೇಜಿನ ಪ್ರಯೋಗಾಲಯದ ಯಂತ್ರವೊಂದರ ಮುಂದೆ ಸರದಿಗಾಗಿ ಕಾಯುವ ವಿದ್ಯಾರ್ಥಿಗಳನ್ನು ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಆದರೆ ನಿಯಮವು ಕೇಳುವ ಪ್ರಶ್ನೆ ‘ಇದನ್ನು ಯಾರು ಮಾಡಿದರು?’ ಎಂಬುದೊಂದೇ. ಇತಿಹಾಸಕ್ಕೆ ಸಂಬಂಧಿಸಿದ ಕೃತಿಯನ್ನು ಕೇಳಬೇಕಾದ ಪ್ರಶ್ನೆಗಳು ಇನ್ನೂ ಎರಡುಂಟು: ‘ಇದು ಎಲ್ಲಿಂದ ಬಂದಿತು?’ ಮತ್ತು ‘ಇದು ಇಲ್ಲಿಗೆ ಸಲ್ಲುತ್ತದೆಯೆ?’ ಈ ಎರಡನ್ನು ಬಿಟ್ಟುದರಿಂದ ಸುಳ್ಳು ಶಿಖರವು ಗೆದ್ದಿತು, ನಿಜ ಹೇಳಿದ ಹಾಳೆ ಸೋತಿತು.

ಸ್ವಂತ ಕೃತಿಯೆಂದರೆ ಪ್ರತಿಯೊಂದು ಅಂಗವನ್ನೂ ಹೊಸದಾಗಿ ಹುಟ್ಟಿಸುವುದೆಂಬ ಭಾವನೆಯು ನಾವು ಚಿತ್ರಿಸಹೊರಟ ಗುಡಿಗಳನ್ನು ಕಟ್ಟಿದವರಿಗೆ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಕರ್ನಾಟಕದ ದ್ರಾವಿಡ ಶೈಲಿಯ ದೇವಾಲಯವು ಕೂಟ, ಶಾಲೆ, ಪಂಜರಗಳೆಂಬ ಪರಂಪರಾಗತ ಕಿರುಗುಡಿಗಳ ಜೋಡಣೆಯಿಂದಲೇ ಆದದ್ದು. ಆಡಂ ಹಾರ್ಡಿಯವರು 1995ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಜೋಡಣೆಯ ಕ್ರಮವನ್ನೂ ಅದು ಏಳನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಬೆಳೆದ ಬಗೆಯನ್ನೂ ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾರೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಗೋಡೆಯನ್ನಾಗಲಿ, 1112ರ ಇಟಗಿಯ ಮಹಾದೇವ ದೇವಾಲಯದ ಗೋಡೆಯನ್ನಾಗಲಿ ನೋಡಿದರೆ ಅರೆಗಂಬಗಳ ಮೇಲೆ ಬಗೆಬಗೆಯ ಶಿಖರಗಳ ಚಿಕ್ಕ ಪ್ರತಿಕೃತಿಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ಮೃದುವಾದ ಬಳಪದ ಕಲ್ಲಿನಲ್ಲಿ ತಿರುಗಣೆಯ ಮೇಲೆ ಕಡೆದ ಕಂಬಗಳಾದರೋ ಒಂದೇ ಅಚ್ಚಿನವೆಂಬಷ್ಟು ಸಮನಾಗಿವೆ. ರೂಢಿಯ ಮಾದರಿಗಳನ್ನು ಬಳಸಿದ ಮಾತ್ರಕ್ಕೆ ಇಟಗಿಯ ಶಿಲ್ಪಿಯನ್ನು ಯಾರೂ ಅನುಕರಣಕಾರನೆಂದು ಕರೆದಿಲ್ಲ. ಆ ದೇವಾಲಯವನ್ನು ಅಲ್ಲಿಯ ಶಾಸನವೇ ದೇವಾಲಯಗಳ ಚಕ್ರವರ್ತಿಯೆಂದು ಹೊಗಳಿದೆ.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ಇನ್ನೂ ಹತ್ತಿರದ ಸಾಕ್ಷ್ಯವೊಂದುಂಟು. ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಹೊಳಲಿನ ಅಮೃತೇಶ್ವರ ದೇವಾಲಯದ ಕಂಬವೊಂದರ ಬೋದಿಗೆಯ ಮೇಲೆ ಚಿಕ್ಕದೊಂದು ಶಾಸನವಿದೆ. ಸೋಗೆಯ ಪದೋಜನ ಶಿಷ್ಯನಾದ ಬಮ್ಮೋಜನೆಂಬ ಶಿಲ್ಪಿಯನ್ನು ಅದು ಕಲಿಯುಗದ ವಿಶ್ವಕರ್ಮನೆಂದು ಕೊಂಡಾಡಿ, ಅರುವತ್ತನಾಲ್ಕು ಬಗೆಯ ಪ್ರಾಸಾದಗಳನ್ನೂ ನಾಗರ, ಕಳಿಂಗ, ದ್ರಾವಿಡ, ವೇಸರಗಳೆಂಬ ನಾಲ್ಕು ಜಾತಿಯ ಕಟ್ಟಡಗಳನ್ನೂ ಬಲ್ಲವನೆಂದು ಹೇಳುತ್ತದೆ. ಇಲ್ಲಿ ಶಿಲ್ಪಿಯ ಹಿರಿಮೆಯು ಮಾದರಿಗಳನ್ನು ತೊರೆದುದರಲ್ಲಿಲ್ಲ. ಅವುಗಳನ್ನು ಎಣಿಸಿ, ಹೆಸರಿಸಿ, ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಬಲ್ಲನೆಂಬುದರಲ್ಲಿದೆ.

ಹಾಗಾದರೆ ಸಿದ್ಧಮಾದರಿಗಳಿಗೆ ಮಿತಿಯೇ ಇಲ್ಲವೆ ಎಂದು ಕೇಳಬಹುದು. ಇದೆ. ಹಳೆಯ ಶಿಲ್ಪಿಯು ಬಳಸಿದ ಮಾದರಿಯು ಅವನ ಪರಂಪರೆಯ ಒಳಗಿನದು; ಅದರ ಅಳತೆ, ಸ್ಥಾನ, ಅರ್ಥಗಳನ್ನು ಅವನು ಗುರುವಿನಿಂದ ಕಲಿತಿದ್ದನು. ಭಂಡಾರದಲ್ಲಿ ದೊರೆಯುವ ‘ದಕ್ಷಿಣ ಭಾರತದ ಕಂಬ’ವೆಂಬ ಆಕೃತಿಗೆ ಊರೂ ಇಲ್ಲ, ಕಾಲವೂ ಇಲ್ಲ. ಅದನ್ನು ತಂದು ಕುರುಗೋಡಿನ ಸಿಂದರ ಕಾಲದ ಗುಡಿಯಲ್ಲಿಯೂ ವಿಜಯನಗರದ ಮಂಟಪದಲ್ಲಿಯೂ ಒಂದೇ ಸಮನೆ ನಿಲ್ಲಿಸಿದರೆ ಮೂರು ನಾಲ್ಕು ಶತಮಾನಗಳ ಅಂತರವು ಅಳಿಸಿಹೋಗುತ್ತದೆ. ಅಂಗಳದ ಮರವು ಎರವಲಾಗಿದ್ದರೆ ಇತಿಹಾಸಕ್ಕೆ ನಷ್ಟವಿಲ್ಲ. ಕಂಬವು ಎರವಲಾಗಿದ್ದರೆ ನಷ್ಟವುಂಟು. ಕಳಶವಾದರೋ ಇವೆರಡರ ನಡುವಿನದು. ಅದು ಕಟ್ಟಡದ ಅಂಗ. ಆದಕಾರಣ ಅದರ ಆಕಾರಕ್ಕೂ ಆ ವಿದ್ಯಾರ್ಥಿನಿಯು ಆಧಾರ ಕೊಡಬೇಕಾಗಿದ್ದಿತು. ಅಷ್ಟರ ಮಟ್ಟಿಗೆ ಆಕೆಯ ಕೃತಿಯಲ್ಲಿಯೂ ಕೊರತೆಯಿತ್ತೆಂದು ಒಪ್ಪಬೇಕು. ಆದರೆ ಆ ಕೊರತೆಗೆ ಅಂಕ ಕಳೆಯುವುದು ಬೇರೆ, ಕೃತಿಯನ್ನೇ ಹೊರಗಿಡುವುದು ಬೇರೆ.

ಚಿತ್ರಣಕ್ಕೆ ಆಧಾರವು ಎಷ್ಟು ಮುಖ್ಯವೆಂಬುದಕ್ಕೆ ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವೇ ಸಾಕು. ಇಂದು ನಮ್ಮ ನೋಟುಗಳ ಮೇಲೂ ಕಾಣುವ ಆ ರಥಕ್ಕೆ ಮೇಲ್ಗೋಪುರವಿಲ್ಲ. ಆದರೆ 1856ರಲ್ಲಿ ಅಲೆಗ್ಜಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಇಟ್ಟಿಗೆಯ ಗೋಪುರವು ರಥದ ಮೇಲೆ ನಿಂತಿರುವುದು ಕಾಣುತ್ತದೆ. ಈಗಿರುವುದನ್ನು ಮಾತ್ರ ಕಂಡು ರಚಿಸಿದ ಮಾದರಿಯು ಎಷ್ಟೇ ನುಣುಪಾಗಿದ್ದರೂ ಹಳೆಯ ರಥದ ಚಿತ್ರವಾಗಲಾರದು. ಹಾಗೆಯೇ ಬಳ್ಳಾರಿ ಜಿಲ್ಲೆಯ ಚಾಲುಕ್ಯ ದೇವಾಲಯಗಳನ್ನು ಕುರಿತು ಅಲೆಗ್ಜಾಂಡರ್ ರೀ 1896ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಳತೆಯ ನಕ್ಷೆಗಳಿವೆ. ಅವನ್ನು ತೆರೆದು ನೋಡದೆ ಈ ಸೀಮೆಯ ಗುಡಿಯನ್ನು ಚಿತ್ರಿಸಹೊರಡುವವನು, ಎಲ್ಲವನ್ನೂ ಸ್ವಹಸ್ತದಿಂದಲೇ ರಚಿಸಿದರೂ, ಕೆಲಸದ ಅರ್ಧವನ್ನು ಮಾಡಿದಂತಾಗಲಿಲ್ಲ.

ವಿದ್ವತ್‌ಪ್ರಪಂಚವು ಈ ಪ್ರಶ್ನೆಯನ್ನು ಈಗಾಗಲೇ ಎದುರಿಸಿದೆ. 2009ರಲ್ಲಿ ಪರಿಷ್ಕೃತವಾದ ಲಂಡನ್ ಸನ್ನದು, ಕಂಪ್ಯೂಟರಿನಿಂದ ರಚಿಸಿದ ಪರಂಪರೆಯ ಚಿತ್ರಣವು ತಾನು ತೋರಿಸುತ್ತಿರುವುದು ಇಂದಿನ ಸ್ಥಿತಿಯೋ, ಸಾಕ್ಷ್ಯಾಧಾರಿತವಾದ ಪುನರ್ರಚನೆಯೋ, ಊಹೆಯೋ ಎಂಬುದನ್ನು ನೋಡುವವರಿಗೆ ಸ್ಪಷ್ಟಪಡಿಸಬೇಕೆನ್ನುತ್ತದೆ. ಮಾದರಿಗಳೆಲ್ಲವೂ ಸ್ವಹಸ್ತದವೇ ಎಂಬುದು ಅದರ ಮುಖ್ಯ ಚಿಂತೆಯಲ್ಲ. ದಾಖಲೆಯ ಪಾರದರ್ಶಕತೆಯೇ ಅದರ ಚಿಂತೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದ ಡಿಜಿಟಲ್ ಪರಂಪರೆ ಯೋಜನೆಯು ಹಂಪಿಯನ್ನೇ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡು ಕೆಲಸ ಮಾಡಿರುವಾಗ, ಅದರ ನೆರೆಯಲ್ಲೇ ಇರುವ ನಮ್ಮ ಕಾಲೇಜುಗಳು ಈ ಶಿಸ್ತನ್ನು ರೂಢಿಸಿಕೊಳ್ಳದಿರುವುದಕ್ಕೆ ನೆಪವಿಲ್ಲ.

ಆದಕಾರಣ ಮುಂದಿನ ಸ್ಪರ್ಧೆಗಳಿಗಾಗಿ ಐದು ಸೂಚನೆಗಳನ್ನು ಅಧ್ಯಾಪಕಮಿತ್ರರ ಪರಿಶೀಲನೆಗೆ ಮುಂದಿಡುತ್ತೇನೆ. ಮೊದಲನೆಯದಾಗಿ, ಸ್ಪರ್ಧೆಯ ಮುಖ್ಯ ವಿಷಯವಾದ ಕಟ್ಟಡದ ಅಧಿಷ್ಠಾನ, ಗೋಡೆ, ಕಂಬ, ಶಿಖರಗಳನ್ನು ಸ್ಪರ್ಧಿಯೇ ರಚಿಸತಕ್ಕದ್ದು; ಮರ, ವಾಹನ, ಜನ, ಆಕಾಶ ಮುಂತಾದ ಪರಿಸರಕ್ಕೆ ಸಿದ್ಧಮಾದರಿಗಳನ್ನು ಬಳಸಬಹುದು. ಎರಡನೆಯದಾಗಿ, ಬಳಸಿದ ಪ್ರತಿಯೊಂದು ಸಿದ್ಧಮಾದರಿಯ ಮೂಲ, ರಚಿಸಿದವರ ಹೆಸರು, ಬಳಕೆಯ ಅನುಮತಿ ಇವುಗಳ ಪಟ್ಟಿಯನ್ನು ಕೊಡತಕ್ಕದ್ದು. ಪಟ್ಟಿ ಕೊಟ್ಟುದಕ್ಕಾಗಿ ಯಾರಿಗೂ ಅಂಕ ಕಡಮೆಯಾಗಕೂಡದು, ಮರೆಮಾಚಿದುದು ತಿಳಿದುಬಂದರೆ ಮಾತ್ರ ಕೃತಿಯು ಅನರ್ಹವಾಗತಕ್ಕದ್ದು. ಮೂರನೆಯದಾಗಿ, ಹಣ ಕೊಟ್ಟು ಕೊಂಡ ಮಾದರಿಗಳಿಗೆ ಅವಕಾಶವಿರಕೂಡದು; ಎಲ್ಲರಿಗೂ ಉಚಿತವಾಗಿ ದೊರೆಯುವವುಗಳನ್ನು ಮಾತ್ರ ಒಪ್ಪಬೇಕು. ನಾಲ್ಕನೆಯದಾಗಿ, ಕಟ್ಟಡದ ಯಾವ ಭಾಗವು ಅಳತೆಯಿಂದ, ಯಾವುದು ಹೋಲಿಕೆಯಿಂದ, ಯಾವುದು ಕೇವಲ ಊಹೆಯಿಂದ ಬಂದುದೆಂಬುದನ್ನು ಬೇರೆಬೇರೆ ಬಣ್ಣಗಳಲ್ಲಿ ತೋರಿಸುವ ಒಂದು ಚಿತ್ರವೂ ಕೃತಿಯೊಡನೆ ಇರಬೇಕು. ಐದನೆಯದಾಗಿ, ತೀರ್ಪುಗಾರರು ಅಂತಿಮ ಚಿತ್ರವನ್ನಷ್ಟೇ ನೋಡದೆ ಮೂಲ ಕಡತವನ್ನು ತೆರೆಯಿಸಿ ನೋಡಿ, ಸ್ಪರ್ಧಿಯನ್ನು ಕೆಲವು ಪ್ರಶ್ನೆಗಳನ್ನಾದರೂ ಕೇಳಬೇಕು. ಅವರಲ್ಲಿ ಒಬ್ಬರಾದರೂ ವಾಸ್ತುವಿನ ಇತಿಹಾಸವನ್ನು ಬಲ್ಲವರಾಗಿರಬೇಕು.

ಇಷ್ಟು ನಿಯಮಗಳು ವಿದ್ಯಾರ್ಥಿಗಳಿಗೆ ಹೊರೆಯಾಗುವುವೆಂಬ ಆಕ್ಷೇಪವು ಬರಬಹುದು. ಆದರೆ ಪ್ರಬಂಧ ಬರೆಯುವ ವಿದ್ಯಾರ್ಥಿಯಿಂದ ಆಧಾರಗಳನ್ನು ನಾವು ಕೇಳುವುದಿಲ್ಲವೆ? ಚಿತ್ರವೂ ಒಂದು ಪ್ರತಿಪಾದನೆಯೇ. ಗದ್ಯದಲ್ಲಿ ಒಂದು ತಪ್ಪು ವಾಕ್ಯವನ್ನು ಓದುಗನು ಸಂಶಯಿಸಬಲ್ಲನು. ಚೆಲುವಾದ ತಪ್ಪು ಚಿತ್ರವನ್ನು ಹಾಗೆ ಸಂಶಯಿಸುವವರು ಕಡಮೆ. ಅದು ಶಾಲೆಯ ಗೋಡೆಗೆ ಏರುತ್ತದೆ, ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಕ್ರಮೇಣ ಊರಿನವರೇ ತಮ್ಮ ಗುಡಿಯು ಹಾಗಿತ್ತೆಂದು ನಂಬುತ್ತಾರೆ. ಬಹುಮಾನಿತವಾದ ಆ ಚಿತ್ರದಲ್ಲಿ ಒಂದು ಚಾಲುಕ್ಯ ಗುಡಿಯು ತನ್ನ ಶಿಖರವನ್ನು ಎರಡನೆಯ ಸಲ ಕಳೆದುಕೊಂಡಿತೆಂದೇ ನಾನು ಈಗ ಭಾವಿಸುತ್ತೇನೆ.

ಆ ವಿದ್ಯಾರ್ಥಿನಿಯು ಮರುವರ್ಷ ಸ್ಪರ್ಧೆಗೆ ಬರಲಿಲ್ಲ. ಆಕೆಯ ಹಾಳೆಯ ಪ್ರತಿಯೊಂದು ನನ್ನಲ್ಲಿ ಉಳಿದಿದೆ. ಅದನ್ನು ನೋಡುವಾಗಲೆಲ್ಲ ಹೊಳಲಿನ ಬೋದಿಗೆಯ ಅಕ್ಷರಗಳು ನೆನಪಿಗೆ ಬರುತ್ತವೆ. ಅಲ್ಲಿ ಬಮ್ಮೋಜನ ಹೆಸರಿನೊಡನೆ ಆತನ ಗುರುವಿನ ಹೆಸರೂ ಇದೆ. ಕಲಿತದ್ದು ಎಲ್ಲಿಂದ ಎಂಬುದನ್ನು ಹೇಳಿದುದರಿಂದ ಆತನ ಕೀರ್ತಿಗೆ ಕುಂದು ಬರಲಿಲ್ಲ. ನಮ್ಮ ನಿಯಮಗಳೂ ವಿದ್ಯಾರ್ಥಿಗಳಿಗೆ ಆ ಧೈರ್ಯವನ್ನು ಕೊಡುವಂತಿರಬೇಕು.