ಆ ಊರಾಗ ಸತ್ತ ದನ ಯಾರು ಎಳೀತಿದ್ರು?

ತರಾಸು ಅವರ ದುರ್ಗದ ಕಾದಂಬರಿಗಳನ್ನು ನಾನು ಓದಿದ್ದು ಹೈಸ್ಕೂಲಿನ ಎರಡು ಬೇಸಿಗೆಗಳಲ್ಲಿ. ಗ್ರಂಥಾಲಯದ ಪ್ರತಿಗಳು. ರಟ್ಟು ಹರಿದು ದಾರದಿಂದ ಹೊಲಿದಂಥವು, ನಡುನಡುವೆ ಹಾಳೆಗಳೇ ಇಲ್ಲದಂಥವು. ರಾತ್ರಿ ಅವ್ವ ಮೊರ ಹಿಡಿದು ಜ್ವಾಳ ಹಸನು ಮಾಡುತ್ತ ಕೂತರೆ ನಾನು ಎದುರಿಗೆ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಅವಳಿಗೆ ಅಕ್ಷರ ಬರುವುದಿಲ್ಲ, ಆದರೆ ಕತೆ ಬರುತ್ತದೆ. ಮುತ್ತಿಗೆ ಹಾಕಿದ ಸೈನ್ಯ, ಕೋಟೆಯ ಮೇಲಿಂದ ಉರುಳುವ ಗುಂಡು, ರಣರಂಗದ ತುಂಬ ಬಿದ್ದ ಆನೆ ಕುದುರೆಗಳ ಪ್ರಸಂಗವೊಂದನ್ನು ನಾನು ಏರುದನಿಯಲ್ಲಿ ಓದಿ ಮುಗಿಸಿ ಅವಳ ಮುಖ ನೋಡಿದೆ. ಅವಳು ಮೊರ ಕೆಳಗಿಟ್ಟು ಕೇಳಿದಳು: 'ಅಲ್ಲಪಾ, ಇಷ್ಟು ಆನಿ ಕುದ್ರಿ ಸತ್ತಾವಂತಿ. ಅವನ್ನ ಯಾರು ಎಳದ್ರು? ಆ ಊರಾಗ ಸತ್ತ ದನ ಯಾರು ಎಳೀತಿದ್ರು?'

ನನಗೆ ಸಿಟ್ಟು ಬಂತು. ಕತೆ ಕೆಡಿಸಿದಳು ಅನ್ನಿಸಿತು. 'ಅದೆಲ್ಲಾ ಬರದಿಲ್ಲ, ಸುಮ್ನ ಕೇಳಬೇ' ಅಂದೆ. ನಮ್ಮಜ್ಜ ಊರ ಸತ್ತ ದನ ಎಳೆಯುತ್ತಿದ್ದವನು ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಇವತ್ತು ವಿಮರ್ಶೆ ಎಂಬ ಹೆಸರಿನಲ್ಲಿ ನಾನು ಮಾಡುತ್ತಿರುವುದು ಅವಳ ಆ ಪ್ರಶ್ನೆಗೆ ತಡವಾಗಿ ತಲೆಬಾಗುವುದನ್ನಷ್ಟೇ.

ಆದರೆ ಪ್ರಶ್ನೆಗಿಂತ ಮೊದಲು ಆ ಸಿಟ್ಟನ್ನು ನೋಡಬೇಕು. ಒಬ್ಬ ಕೇರಿಯ ಹುಡುಗನಿಗೆ ಮದಕರಿನಾಯಕನ ಮೇಲೆ ಯಾಕೆ ಅಷ್ಟು ಪ್ರೀತಿ? ನಮ್ಮ ಕಡೆ ಹಳ್ಳಿಗಳಿಗೆ ಅಗಸಿ ಇರುತ್ತದೆ. ಅಗಸಿಯ ಒಳಗೆ ಊರು, ಹೊರಗೆ ಕೇರಿ. ನನ್ನ ಬಾಲ್ಯದ ಹೊತ್ತಿಗೆ ಒಳಗೆ ಹೋಗಬಾರದು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ ನಿಜ. ಆದರೂ ಯಾವ ಕಟ್ಟೆಯ ಮೇಲೆ ಕೂಡಬಾರದು, ಯಾವ ಮನೆಯ ಮುಂದೆ ನಿಂತು ಕೂಗಬಾರದು ಎಂಬುದು ನಮ್ಮ ಕಾಲುಗಳಿಗೇ ಗೊತ್ತಿತ್ತು. ಕಾದಂಬರಿಯಲ್ಲಿ ಹಾಗಿರಲಿಲ್ಲ. ಮೊದಲ ಪುಟದಲ್ಲೇ ಹೆಬ್ಬಾಗಿಲು ತೆರೆಯುತ್ತಿತ್ತು. ನಾನು ಸುತ್ತಿನ ಮೇಲೆ ಸುತ್ತು ದಾಟಿ ಪೇಟೆಯೊಳಗೆ ನಡೆದು ಗುಡಿಯೊಳಗೆ ನಿಂತು ಅರಮನೆಯ ಅಂತಃಪುರದ ತನಕ ಹೋಗಿಬರುತ್ತಿದ್ದೆ. ಯಾರೂ 'ಯಾರವಾ ನೀ' ಎಂದು ಕೇಳುತ್ತಿರಲಿಲ್ಲ. ಬೃಹತ್ ಐತಿಹಾಸಿಕ ಕಾದಂಬರಿಯ ಆಕರ್ಷಣೆಯನ್ನು ಕುರಿತು ನಮ್ಮ ವಿಮರ್ಶಕರು ರಮ್ಯತೆ, ಗತವೈಭವದ ಹಂಬಲ, ಪಲಾಯನ ಎಂದೆಲ್ಲ ಬರೆದಿದ್ದಾರೆ. ನನ್ನ ಮಟ್ಟಿಗೆ ಅದು ಒಂದು ಇಡೀ ಪಟ್ಟಣದೊಳಗೆ ಅಡ್ಡಿಯಿಲ್ಲದೆ ಓಡಾಡುವ ಸುಖವಾಗಿತ್ತು. ಇದನ್ನು ಪಲಾಯನ ಎನ್ನುವವರು ಅಗಸಿಯ ಒಳಗೆ ಹುಟ್ಟಿದವರು.

ಆ ಸುಖಕ್ಕೆ ಬೆಲೆ ಇತ್ತು. ಕೆರ ಬಿಚ್ಚಿ ಹೊರಗಿಟ್ಟಂತೆ ಕೇರಿಯನ್ನು ಹೊರಗೆ ಬಿಟ್ಟು ಹೋಗಬೇಕಿತ್ತು. ಒಳಗಿದ್ದಷ್ಟು ಹೊತ್ತು ನಾನು ನಾಯಕನೋ, ದಳವಾಯಿಯೋ ಆಗಿರುತ್ತಿದ್ದೆ, ನಮ್ಮಜ್ಜನ ಮೊಮ್ಮಗನಂತೂ ಅಲ್ಲ. ಅವ್ವನ ಪ್ರಶ್ನೆ ನನ್ನನ್ನು ಹಿಡಿದು ಹೊರಗೆಳೆದಿತ್ತು. ಅದಕ್ಕೇ ಸಿಟ್ಟು.

ನಮ್ಮ ಸಂಘಟನೆಯ ಕೆಲವು ಗೆಳೆಯರು 'ಅದೆಲ್ಲಾ ಬೂಸಾ, ಯಾಕ ಓದ್ತಿ' ಎನ್ನುತ್ತಾರೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಆಡಿದ ಆ ಒಂದು ಮಾತಿಗೆ ಮಂತ್ರಿಗಿರಿ ಬಿಡಬೇಕಾಯಿತು, ಊರೂರುಗಳಲ್ಲಿ ನಮ್ಮ ಹುಡುಗರು ಏಟು ತಿಂದರು. ಆ ಮಾತಿನ ಋಣ ನಮ್ಮೆಲ್ಲರ ಮೇಲಿದೆ. ಆದರೆ ಬೂಸಾ ಎಂದ ಮೇಲೆ ಅದನ್ನು ತಿಂದೇ ಬೆಳೆದವರು ಎಷ್ಟು ಜನ ಎಂಬ ಲೆಕ್ಕವೂ ಬೇಕಲ್ಲ? ನನಗೆ ಕನ್ನಡ ಗದ್ಯದ ರುಚಿ ಹತ್ತಿದ್ದು ಅಲ್ಲಿ. ಅಲ್ಲದೆ ದುರ್ಗದ ನಾಯಕರು ಬೇಡ ಕುಲದವರು. ತರಾಸು ಕೂಡ ಪ್ರಗತಿಶೀಲ ಚಳವಳಿಯಿಂದ ಬಂದವರು. 1779ರಲ್ಲಿ ಹೈದರನ ಕೈಗೆ ಬಿದ್ದ ಒಂದು ಬೇಡ ಅರಸುಮನೆಯ ಕತೆಯನ್ನು ಅವರು 'ದುರ್ಗಾಸ್ತಮಾನ'ದಲ್ಲಿ ಮಹಾಕಾವ್ಯದ ಎತ್ತರಕ್ಕೆ ಒಯ್ದದ್ದು, ಅದಕ್ಕೆ ಅವರು ತೀರಿಕೊಂಡ ಮೇಲೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಸಣ್ಣ ಸಂಗತಿಯಲ್ಲ. ಆ ಸಮುದಾಯದ ಓದುಗನಿಗೆ ಅಲ್ಲಿ ಸಿಗುವ ಹೆಮ್ಮೆಯನ್ನು ಕಿತ್ತುಕೊಳ್ಳಲು ನಾನು ಯಾರು? ನನ್ನ ಜಗಳ ಇರುವುದು ಕೋಟೆಯ ಗೋಡೆ ಎಲ್ಲಿ ನಿಲ್ಲುತ್ತದೆ ಎಂಬುದರ ಬಗ್ಗೆ.

ಓಬವ್ವನನ್ನು ನೋಡಿ. ಅವಳು ಛಲವಾದಿ ಹೆಣ್ಣು ಎಂಬುದು ಜನರ ನೆನಪು. 1972ರ 'ನಾಗರಹಾವು' ಸಿನಿಮಾದ ಹಾಡು ಅವಳನ್ನು ಮನೆಮನೆಗೆ ತಲುಪಿಸಿತು, ಆದರೆ ತಲುಪಿದ್ದು ಕುಲವಿಲ್ಲದ ಒಬ್ಬ ವೀರನಾರಿ. 2021ರಿಂದ ಸರ್ಕಾರ ಅವಳ ಜಯಂತಿ ಮಾಡುತ್ತಿದೆ. ಒಳ್ಳೆಯದೇ. ಆದರೂ ಅವಳು ಚರಿತ್ರೆಯೊಳಗೆ ಬರುವುದು ಒಂದು ಕಿಂಡಿಯ ಬಾಯಲ್ಲಿ, ಒನಕೆ ಎತ್ತಿದ ಅಷ್ಟು ಹೊತ್ತು ಮಾತ್ರ. ಆ ಒನಕೆಯಿಂದ ಅವಳು ಹಿಂದಿನ ದಿನ ಯಾರ ಮನೆಯ ಭತ್ತ ಕುಟ್ಟಿದಳು? ಗಂಡ ಉಣ್ಣಲು ಬಂದಾಗ ನೀರು ತರಲು ಹೋದಳಲ್ಲ, ಯಾವ ಹೊಂಡಕ್ಕೆ? ಎಲ್ಲರ ಹೊಂಡಕ್ಕೋ? ನಾನು ಕೇಳುವುದು ಇಂಥ ಸಣ್ಣ ಸಂಗತಿಗಳನ್ನು. ದೊಡ್ಡ ಕಾದಂಬರಿಗಳಿಗೆ ಇವು ಸಣ್ಣವಾಗಿ ಕಂಡವು.

ಇನ್ನೊಂದು ಪಟ್ಟಣ ಕಲ್ಯಾಣ. ಬಿ. ಪುಟ್ಟಸ್ವಾಮಯ್ಯನವರು ಬಸವಣ್ಣ-ಬಿಜ್ಜಳರ ಕಾಲದ ಕಲ್ಯಾಣವನ್ನು ಕುರಿತು ಕಾದಂಬರಿಗಳ ಒಂದು ಸರಣಿಯನ್ನೇ ಬರೆದರು. 'ಕ್ರಾಂತಿ ಕಲ್ಯಾಣ'ಕ್ಕೆ 1964ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಗುಬ್ಬಿ ಕಂಪನಿಗೆ ನಾಟಕ ಬರೆದ ಕೈ ಅದು. ಸಂಚು, ಪ್ರವೇಶ, ನಿರ್ಗಮನ, ದರ್ಬಾರು ಎಲ್ಲವನ್ನೂ ಬಲ್ಲ ಕೈ. ಎಂ.ಎ. ಓದುವಾಗ ನಾನು ಈ ಸರಣಿಯನ್ನು ಹಸಿದವನ ಹಾಗೆ ಓದಿದೆ, ಯಾಕೆಂದರೆ ಈ ಪಟ್ಟಣದಲ್ಲಿ ನಮ್ಮವರಿದ್ದರು. ಸಮಗಾರ ಹರಳಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ. ಇಲ್ಲಾದರೂ ಕೆರ ಮೆಟ್ಟಿಕೊಂಡೇ ಒಳಗೆ ಹೋಗಬಹುದು ಅಂದುಕೊಂಡೆ.

ಹರಳಯ್ಯನ ಕತೆ ನಮಗೆಲ್ಲ ಗೊತ್ತಿದ್ದದ್ದೇ. ಅವನು ಶರಣು ಎಂದ, ಬಸವಣ್ಣ ಶರಣು ಶರಣಾರ್ಥಿ ಎಂದ. ಹೆಚ್ಚಿಗೆ ಬಂದ ಆ ಒಂದು ಶರಣಿನ ಭಾರ ತಾಳದೆ ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ಸುಲಿದು ಕೆರ ಮಾಡಿದರು. ಮುಂದೆ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆ, ಇಬ್ಬರು ಅಪ್ಪಂದಿರಿಗೂ ಎಳೆಹೂಟೆ, ಆಮೇಲೆ ಕಲ್ಯಾಣದ ಕೊಲೆ ಸುಲಿಗೆ. ಈ ಕತೆಯನ್ನು ಕೇಳಿ ನಾವು ಅತ್ತಿದ್ದೇವೆ, ಅಭಿಮಾನಪಟ್ಟಿದ್ದೇವೆ. ಆದರೆ ತೊಗಲಿನ ಕೆಲಸದ ಮನೆಯಲ್ಲಿ ಹುಟ್ಟಿದವನಾಗಿ ನನಗೆ ಒಂದು ಕಸಿವಿಸಿ. ತೊಗಲನ್ನು ಬಲ್ಲ ಕುಶಲಿಯೊಬ್ಬ ಗೌರವ ಪಡೆಯಬೇಕಾದರೆ ತನ್ನ ತೊಗಲನ್ನೇ ಕೊಡಬೇಕೆ? ಅವನು ದಿನಾ ಹೊಲಿಯುತ್ತಿದ್ದ ಕೆರಗಳಿಗೆ ಯಾಕೆ ಯಾರೂ ಕೈ ಮುಗಿಯಲಿಲ್ಲ? ಕತೆ ಅವನಿಂದ ಕಸುಬನ್ನು ಇಸಿದುಕೊಂಡು ತ್ಯಾಗವನ್ನು ಕೈಗಿಟ್ಟಿತು. ಅದನ್ನು ಜನಪದ ಮಾಡಿದ್ದರೆ ನಾನು ಸುಮ್ಮನಿರುತ್ತೇನೆ, ಜನಪದಕ್ಕೆ ಅದರದೇ ಒಗಟುಗಳಿವೆ. ಕಾದಂಬರಿ ಮಾತ್ರ ಸುಮ್ಮನೆ ಒಪ್ಪಿಕೊಳ್ಳಬಾರದಿತ್ತು. ಕಾದಂಬರಿ ಎಂಬ ಪ್ರಕಾರಕ್ಕೆ ಬೇರೆ ಯಾವುದಕ್ಕೂ ಇಲ್ಲದ ಪುರುಸೊತ್ತಿದೆ. ದರ್ಬಾರಿನ ಸಂಚನ್ನು ಪುಟಗಟ್ಟಲೆ ಬಿಡಿಸುವ ಲೇಖಕ, ಸುಣ್ಣದ ಬಾನಿಯಲ್ಲಿ ತೊಗಲು ಎಷ್ಟು ದಿನ ನೆನೆಯಬೇಕು, ತಂಗಡಿ ತೊಗಟೆಯ ನೀರಿನಲ್ಲಿ ಹದ ಹೇಗೆ ಬರುತ್ತದೆ, ಆ ನಾತವನ್ನು ಹೊತ್ತುಕೊಂಡ ಮೈ ಅನುಭವ ಮಂಟಪದಲ್ಲಿ ಯಾರ ಪಕ್ಕ ಕೂತಿತು, ಪಕ್ಕದವನು ಒಂದಿಷ್ಟು ಸರಿದನೋ ಇಲ್ಲವೋ ಎಂದು ಬರೆಯಲು ನಾಲ್ಕು ಪುಟ ಕೊಡಬಹುದಿತ್ತು. ಕ್ರಾಂತಿಯ ಪರೀಕ್ಷೆ ಆಗುವುದೇ ಆ ಸರಿದಾಟದಲ್ಲಿ.

ವಚನಕಾರರಿಗೆ ಇದು ತಿಳಿದಿತ್ತು. ಮಾದಾರ ಚೆನ್ನಯ್ಯನ ಅಂಕಿತದೊಳಗೇ ಉಳಿ, ಕತ್ತಿ, ಅಡಿಗುಂಟಗಳು ಕೂತಿವೆ. ದೇವರ ಹೆಸರಿನ ಜೊತೆ ಕಸುಬಿನ ಸಾಮಾನು! ಹನ್ನೆರಡನೇ ಶತಮಾನದ ಒಬ್ಬ ಮಾದಿಗ ತನ್ನ ಸಹಿಯಲ್ಲಿ ಇಟ್ಟದ್ದನ್ನು ಇಪ್ಪತ್ತನೇ ಶತಮಾನದ ಕಾದಂಬರಿ ಕೈಬಿಟ್ಟಿತು. ನಾಟಕಗಳು ವಾಸಿ. ಲಂಕೇಶರ 'ಸಂಕ್ರಾಂತಿ'ಯಲ್ಲಿ ಉಜ್ಜ ಎಂಬ ಹೊಲೆಯ ಮುದುಕ ಬರುತ್ತಾನೆ. ಶರಣನಾಗ ಹೊರಟ ಮಗ ರುದ್ರನ ಎದುರು ಅವನು ತನ್ನ ಮಾತಿನಲ್ಲಿ ತನ್ನ ಲೋಕಕ್ಕಾಗಿ ವಾದಿಸುತ್ತಾನೆ. ಅವನ ವಾದ ಸರಿಯೋ ತಪ್ಪೋ, ಬಾಯಿ ಅವನದು. ಈಚಿನವರಲ್ಲಿ ಕುಂ. ವೀರಭದ್ರಪ್ಪನವರ 'ಅರಮನೆ' ದೊರೆತನವನ್ನು ಕೆಳಗಿನಿಂದ, ಗದ್ದಲದಿಂದ, ನಗೆಯಿಂದ ನೋಡಿತು. ಅದರ ಭಾಷೆ ನನಗೆ ಕೆಲವು ಕಡೆ ಸುಸ್ತು ಮಾಡುತ್ತದೆ, ಆದರೆ ಅಗಸಿ ಮುಚ್ಚಿಲ್ಲ.

ನಾನು ಈಗ ಪಾಠ ಮಾಡುವ ಕಾಲೇಜಿನ ಹುಡುಗರನ್ನು ಹೋದ ವರ್ಷ ಐಹೊಳೆಗೆ ಕರೆದುಕೊಂಡು ಹೋಗಿದ್ದೆ. ಐತಿಹಾಸಿಕ ಕಾದಂಬರಿ ಪಠ್ಯದಲ್ಲಿತ್ತು, ಪಟ್ಟಣ ಕಣ್ಣೆದುರಿಗೇ ಇತ್ತು. ಮೇಗುತಿ ಗುಡ್ಡ ಹತ್ತಿ ರವಿಕೀರ್ತಿಯ ಶಾಸನದ ಮುಂದೆ ನಿಂತೆವು. ಶಕ 556, ಅಂದರೆ ಕ್ರಿ.ಶ. 634-35. ಇಮ್ಮಡಿ ಪುಲಕೇಶಿ ಯಾರನ್ನೆಲ್ಲ ಗೆದ್ದ ಎಂಬ ಪಟ್ಟಿ, ಹರ್ಷನ ಹರ್ಷ ಹಾರಿತೆಂಬ ಶ್ಲೇಷೆ, ಕೊನೆಗೆ ತಾನು ಕಾಳಿದಾಸ ಭಾರವಿಗಳಿಗೆ ಸಮ ಎಂಬ ಕವಿಯ ಹೆಮ್ಮೆ. ನಮ್ಮ ಐತಿಹಾಸಿಕ ಕಾದಂಬರಿಯ ಮೂಲಪುರುಷ ಇವನೇ ಎಂದು ಹುಡುಗರಿಗೆ ಹೇಳಿದೆ. ಗಳಗನಾಥರು ವಿಜಯನಗರದ ಕತೆ ಬರೆದು ಹೊರೆ ಹೊತ್ತು ಊರೂರು ತಿರುಗಿ ಮಾರಿದರು, ಆಲೂರ ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ' ಬರೆದರು. ಹರಿದು ಹಂಚಿಹೋಗಿದ್ದ ನಾಡಿಗೆ ಅದು ಬೇಕಿತ್ತು, 1956ರ ಏಕೀಕರಣಕ್ಕೆ ಆ ಕನಸಿನ ನೀರು ಹರಿದಿದೆ. ಆದರೆ ಧಾಟಿ ರವಿಕೀರ್ತಿಯದೇ. ಗೆದ್ದವನ ಹೆಸರು, ಬರೆದವನ ಹೆಸರು. ಕಲ್ಲು ಒಡೆದವನ ಹೆಸರಿಗಾಗಿ ಹುಡುಕಿದರೆ ಇದೇ ಐಹೊಳೆಯ ಇನ್ನೊಂದು ಶಾಸನದಲ್ಲಿ ನರಸೊಬ್ಬ ಎಂಬ ಶಿಲ್ಪಿ ಸಿಗುತ್ತಾನೆ. ಅವನ ಕೆಳಗೆ ಕಲ್ಲು ಹೊತ್ತವರು ಸಿಗುವುದಿಲ್ಲ.

ಅಯ್ಯಾವೊಳೆ ಐನೂರ್ವರ ವಿಷಯ ಹೇಳಿದಾಗ ಹುಡುಗರ ಕಣ್ಣು ಅರಳಿದವು. ಈ ಊರಿನ ಹೆಸರು ಹೊತ್ತ ವ್ಯಾಪಾರಿ ಸಂಘ ತಮಿಳುನಾಡು, ಆಂಧ್ರ ದಾಟಿ ಸಮುದ್ರದಾಚೆ ಸುಮಾತ್ರದ ತನಕ ಹೋಗಿತ್ತು. ಅಲ್ಲಿ 1088ರ ಒಂದು ತಮಿಳು ಶಾಸನವಿದೆ. ಎಂಥಾ ಕಾದಂಬರಿ ಆಗ್ತದ ಸರ್ ಎಂದಳು ಒಬ್ಬಳು. ಆಗುತ್ತದೆ. ಆದರೆ ಸರಕು ಹೊತ್ತ ಎತ್ತಿಗೆ ಮಿಣಿ, ಕುದುರೆಗೆ ಜೀನು, ವ್ಯಾಪಾರಿಯ ಕಾಲಿಗೆ ಕೆರ ಬೇಕಲ್ಲ, ಅವು ಎಲ್ಲಿಂದ ಬಂದವು ಎಂದು ಕೇಳಿದೆ. ಅವಳು ನಕ್ಕು 'ಸರ್ ನೀವು ಎಲ್ಲಾದಕ್ಕೂ ಅಲ್ಲಿಗೇ ಬರ್ತೀರಿ' ಅಂದಳು. ಇನ್ನೊಬ್ಬ ಬಾಹುಬಲಿ ಸಿನಿಮಾದ ಮಾತೆತ್ತಿದ. ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಎಂದು 2015ರಿಂದ ಎರಡು ವರ್ಷ ದೇಶವೆಲ್ಲ ಕೇಳಿತಲ್ಲ, ಕಟ್ಟಪ್ಪ ಯಾಕೆ ತಲೆಮಾರುಗಟ್ಟಲೆ ಗುಲಾಮ ಎಂದು ಕೇಳಿದವರನ್ನು ನಾನು ಕಾಣೆ.

ಐಹೊಳೆಯಲ್ಲಿ ನನಗೆ ಹಿಡಿಸುವುದು ಗುಡಿಗಳ ಹೆಸರುಗಳು. ಲಾಡಖಾನನ ಗುಡಿ, ಹುಚ್ಚಪ್ಪಯ್ಯನ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ, ಬಡಿಗೇರ ಗುಡಿ. ಹೆಚ್ಚಿನವು ದೇವರ ಹೆಸರಲ್ಲ, ರಾಜನ ಹೆಸರೂ ಅಲ್ಲ. ಲಾಡಖಾನ್ ಎಂಬ ಮುಸಲ್ಮಾನ ಆ ಗುಡಿಯಲ್ಲಿ ಸಂಸಾರ ಹೂಡಿದ್ದ, ಅದಕ್ಕೆ ಆ ಹೆಸರು. ರಾಜ್ಯಗಳೆಲ್ಲ ಬಿದ್ದ ಮೇಲೆ ಜನ ಗುಡಿಗಳಲ್ಲಿ ಒಲೆ ಹೂಡಿದರು, ದನ ಕಟ್ಟಿದರು, ಕೂಸು ಹೆತ್ತರು. ನಮ್ಮ ಕಾದಂಬರಿಗಳು ಇದನ್ನು ಪತನ ಎಂದು ಕರೆದು ಪುಸ್ತಕ ಮುಗಿಸುತ್ತವೆ. ನನ್ನ ಪ್ರಕಾರ ಕತೆ ಅಲ್ಲಿ ಶುರುವಾಗಬೇಕು. ಆ ಹೊತ್ತಿನಲ್ಲೂ ನಮ್ಮ ಕೇರಿಯವರಿಗೆ ಆ ನೆರಳಿಗೆ ಬರುವ ದಾರಿ ಇತ್ತೆ? ನಾನು ನೋಡಿದ ಫಲಕಗಳಲ್ಲಿ ಹೊಲೆಯರ ಗುಡಿ, ಮಾದರ ಗುಡಿ ಎಂಬುದು ನನ್ನ ಕಣ್ಣಿಗೆ ಬೀಳಲಿಲ್ಲ. ಅಂಬೇಡ್ಕರರು 1948ರ ತಮ್ಮ ಅಸ್ಪೃಶ್ಯರ ಕುರಿತ ಪುಸ್ತಕದಲ್ಲಿ, ಬುಡಕಟ್ಟು ಒಡೆದು ಚದುರಿದ ಜನ ನೆಲೆನಿಂತ ಊರುಗಳ ಹೊರಗೆ ಕಾವಲಿಗೆ ನಿಂತರು, ಅವರೇ ಮುಂದೆ ಅಸ್ಪೃಶ್ಯರಾದರು ಎಂದು ವಾದಿಸಿದರು. ಚರಿತ್ರಕಾರರು ಒಪ್ಪಲಿ ಬಿಡಲಿ, ಕಾದಂಬರಿಕಾರನಿಗೆ ಇದಕ್ಕಿಂತ ದೊಡ್ಡ ವಸ್ತು ಯಾವುದು? ಊರನ್ನು ಕಾಯುವವನು ಊರೊಳಗೆ ಬರುವಂತಿಲ್ಲ!

ಹೊಳೆಯ ದಂಡೆಯಲ್ಲಿ ಹುಡುಗರು ಪರಶುರಾಮನ ಕತೆ ಹೇಳಿದರು. ಕೊಡಲಿ ತೊಳೆದ, ನೀರು ಕೆಂಪಾಯಿತು, ಯಾರೋ ಅಯ್ಯೋ ಹೊಳೆ ಎಂದರು, ಐಹೊಳೆ ಆಯಿತು. ಆ ಅಯ್ಯೋ ಎಂದವರು ಯಾರೆಂದು ಕತೆ ಹೇಳುವುದಿಲ್ಲ. ನಮ್ಮ ಕಡೆ ಹೆಂಗಸರು ಹಾಡುವ ಎಲ್ಲಮ್ಮನ ಕತೆಯಲ್ಲಿ ರೇಣುಕೆಯ ಜೊತೆ ಮಾತಂಗಿಯ ತಲೆಯೂ ಬೀಳುತ್ತದೆ. ಆ ನೆತ್ತರೂ ಈ ನೀರಿನಲ್ಲೇ ಇದ್ದೀತು. ಇದೇ ಮಲಪ್ರಭೆ ಮುಂದೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ.

ನಾನು ಕಾದಂಬರಿಕಾರ ಅಲ್ಲ. ಸದ್ಯ ನಮ್ಮ ದೊಡ್ಡಪ್ಪನ ಹತ್ತಿರ ಕೂತು ತೊಗಲಿನ ಕೆಲಸದ ಮಾತುಗಳನ್ನು ಬರೆದುಕೊಳ್ಳುತ್ತಿದ್ದೇನೆ. ಕೆಲಸ ಬಿಟ್ಟು ಎಷ್ಟೋ ವರ್ಷ ಆಯಿತು, ಕೈಗೆ ಮಾತ್ರ ಎಲ್ಲ ನೆನಪಿದೆ. ರಂಪಿಗೆ, ಉಳಿ, ಬಾರು, ಮಿಣಿ, ತಿದಿ, ಹಲಗಿ. ಮೊದಮೊದಲು 'ಇವನ್ಯಾಕ ಬರಕೋತಿ, ನೌಕರಿ ಮಾಡಾಂವ' ಎಂದು ಬೈಯುತ್ತಿದ್ದ. ಮೊನ್ನೆ ಅವನೇ ಕರೆದು, ಕಪಲಿ ಬಾವಿಯ ತೊಗಲ ಚೀಲಕ್ಕೆ ನೀರು ಸೋರದಂತೆ ಹೊಲಿಗೆ ಹಾಕುವುದನ್ನು ಹಳೇ ಗೋಣಿಯ ತುಂಡಿನ ಮೇಲೆ ತೋರಿಸಿದ. ಅವ್ವ ಪಕ್ಕದಲ್ಲೇ ಕೂತಿದ್ದಳು. 'ಅದನ್ನ ಓದು, ಕೇಳೂಣು' ಅಂದಳು. ಇನ್ನೂ ಬರೆದಿಲ್ಲಬೇ ಎಂದೆ.