ಹನ್ನೆರಡು ಈಸೂರು

ಜಾಲತಾಣ ಮಾಡಿಸಲು ಹೊರಟವರ ಮೊದಲ ಪ್ರಶ್ನೆ, ‘ಡಾಟ್ ಕಾಮ್ ಸಿಗುತ್ತಾ?’ ಶಿಕಾರಿಪುರ, ಸೊರಬದ ಕಡೆಯವರು ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಹೆಸರನ್ನು ಫೋನಿನಲ್ಲಿ ಒಂದು ಸಲ ಹೇಳಿದರೆ, ಆ ಕಡೆಯವರು ತಪ್ಪಿಲ್ಲದೆ ಟೈಪ್ ಮಾಡುತ್ತಾರಾ?

ಈಸೂರನ್ನೇ ತೆಗೆದುಕೊಳ್ಳಿ. 1942ರಲ್ಲಿ ತಾನು ಸ್ವತಂತ್ರ ಎಂದು ಸಾರಿದ, ಏಸೂರು ಕೊಟ್ಟರೂ ಈಸೂರು ಕೊಡೆವೆಂದ ಊರು. ಕನ್ನಡದಲ್ಲಿ ಬರೆಯಲು ಇರುವುದು ಒಂದೇ ದಾರಿ. ಇಂಗ್ಲಿಷಿಗೆ ಇಳಿಸಿದಿರೋ, ಶುರುವಿಗೆ ‘ಐ’ ಹಾಕುವವರು, ‘ಇ’ ಹಾಕುವವರು, ಎರಡು ‘ಇ’ ಹಾಕುವವರು; ನಡುವೆ ‘ಎಸ್’ ಒಂದೋ ಎರಡೋ; ಕೊನೆಗೆ ‘ಯು’ ಬೇಕೋ ಬೇಡವೋ. ಗುಣಿಸಿದರೆ 12 ಈಸೂರು! ಎಲ್ಲವನ್ನೂ ಕೊಂಡರೆ ವರ್ಷವರ್ಷವೂ 12 ಶುಲ್ಕ. ಊರಿನ ಹುಡುಗರು ವಾಟ್ಸಾಪಿನಲ್ಲಿ ಹೇಗೆ ಬರೆಯುತ್ತಾರೋ ಅದೊಂದನ್ನು ಹಿಡಿಯಿರಿ, ಹೆಚ್ಚಾಗಿ ತಪ್ಪುವ ಇನ್ನೊಂದನ್ನು ಅದಕ್ಕೆ ತಿರುಗಿಸಿಬಿಡಿ. ಎರಡೇ ಸಾಕು.

ಸೊರಬ ತಾಲ್ಲೂಕಿನ ಜಡೆಗೆ ಸ್ಪೆಲ್ಲಿಂಗಿನ ತಕರಾರಿಲ್ಲ, ನಾಲ್ಕೇ ಅಕ್ಷರ. ಆದರೆ ಅದನ್ನು ಜಗತ್ತು ಓದುವುದು ‘ಜೇಡ್’ ಎಂದು. ಹುಡುಕಿದರೆ ಜಡೆಯ ಮಠಕ್ಕಿಂತ ಮೊದಲು ಹಸಿರು ಕಲ್ಲಿನ ಬಳೆ, ಉಂಗುರ ಎದುರಾಗುತ್ತವೆ. ಅದೇ ತಾಲ್ಲೂಕಿನ ಉಳವಿಗೆ ಜೊಯಿಡಾದ ಚನ್ನಬಸವಣ್ಣನ ಉಳವಿ ಅಡ್ಡ. ಶಿಕಾರಿಪುರದಿಂದ ಎರಡು ಸ್ವರ ಉದುರಿದರೆ ಸಿಂಧ್‌ಗೋ ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಗೋ ಹೋಗಿ ಬೀಳುತ್ತೀರಿ. ಎರಡು ಕಡೆಯೂ ಒಂದೊಂದು ಶಿಕಾರ್‌ಪುರ ಇದೆ. ಹಾಗಾಗಿ ಬರೀ ಊರಿನ ಹೆಸರು ನನಗೆ ರುಚಿಸದು. ಗಂಧದ ಕೆತ್ತನೆಯವರು ಸೊರಬದ ಜೊತೆಗೆ ಗುಡಿಗಾರ ಎಂದು ಸೇರಿಸಿಕೊಂಡರೆ ಹೆಸರಿಗೆ ಮೈ ಬರುತ್ತದೆ. ನಡುವೆ ಅಡ್ಡಗೆರೆ ಮಾತ್ರ ಬೇಡ, ಅದನ್ನು ಬಾಯಲ್ಲಿ ಹೇಳುವುದು ಹೇಗೆ?

ಜಿಲ್ಲೆಯ ಹೆಸರನ್ನು ನಂಬಿದವರಿಗೆ 2014ರ ನವೆಂಬರ್ 1 ನೆನಪಿರಬೇಕು. ಅಂದು ಶಿಮೊಗ್ಗ ಅಧಿಕೃತವಾಗಿ ಇಂಗ್ಲಿಷಿನಲ್ಲೂ ಶಿವಮೊಗ್ಗವಾಯಿತು. ಅಂಗಡಿಯ ಬೋರ್ಡಾದರೆ ಬಣ್ಣ ಬಳಿಯಬಹುದು. ಡೊಮೇನ್ ತಿದ್ದಲು ಬರುವುದಿಲ್ಲ, ಹೊಸದನ್ನೇ ಕೊಳ್ಳಬೇಕು.

ಡಾಟ್ ಕಾಮ್ ಸಿಗದಿದ್ದರೆ ಕೊರಗಬೇಡಿ. 2005ರಲ್ಲಿ ಎಲ್ಲರಿಗೂ ತೆರೆದ ಡಾಟ್ ಇನ್ ನಮ್ಮ ವ್ಯವಹಾರಕ್ಕೆ ಧಾರಾಳ ಸಾಕು. ಮೊದಲ ವರ್ಷದ ರಿಯಾಯಿತಿಗೆ ಮರುಳಾಗದೆ ನವೀಕರಣದ ದರ ನೋಡಿ.

ನನ್ನ ಮೋಹವಿರುವುದು ‘ಡಾಟ್ ಭಾರತ’ದ ಮೇಲೆ. ಹೆಸರೂ ಕನ್ನಡ, ಬಾಲವೂ ಕನ್ನಡ. ಅಲ್ಲಿ ಈಸೂರು ಒಂದೇ. ತೊಡಕು ಒಳಗಿದೆ: ಡೊಮೇನ್ ವ್ಯವಸ್ಥೆಯಲ್ಲಿ ಹೆಸರುಗಳು ಓಡಾಡುವುದು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳಲ್ಲೇ. ಕನ್ನಡದ ಹೆಸರು ಅಲ್ಲಿ ‘ಎಕ್ಸ್ ಎನ್’ ಎಂದು ಶುರುವಾಗುವ ಅಕ್ಷರಗಳ ಗೋಜಲಾಗಿ ಬದಲಾಗುತ್ತದೆ. ಕೆಲವೊಮ್ಮೆ ಲಿಂಕ್ ಕಳಿಸಿದಾಗ ಆ ಗೋಜಲೇ ಕಾಣಿಸಿಕೊಂಡು, ನೋಡಿದವರು ಮೋಸದ ಲಿಂಕೆಂದು ಬೆಚ್ಚುತ್ತಾರೆ. ಆ ವಿಳಾಸದ ಇಮೇಲನ್ನು ಎಷ್ಟೋ ಆನ್‌ಲೈನ್ ಅರ್ಜಿಗಳು ಒಪ್ಪುವುದೂ ಇಲ್ಲ. ಹಾಗಿದ್ದರೂ ಬೋರ್ಡಿನ ಮೇಲೆ, ಕರಪತ್ರದ ಮೇಲೆ ಅದರ ಚೆಲುವೇ ಬೇರೆ. ಡಾಟ್ ಇನ್ ಜೊತೆಗೆ ಅದೂ ಇರಲಿ.

ಹೆಸರು ಗೊತ್ತಾದ ಮೇಲೆ ನೋಂದಣಿ ನಿಮ್ಮ ಖಾತೆಯಲ್ಲೇ, ನಿಮ್ಮ ಇಮೇಲಿನಲ್ಲೇ ಆಗಬೇಕು. ಸೈಟ್ ಮಾಡಿಕೊಡುವ ಹುಡುಗನ ಖಾತೆಯಲ್ಲಿ ಬಿಟ್ಟರೆ, ಅವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಮೇಲೂ ‘ಅವಧಿ ಮುಗಿಯುತ್ತಿದೆ’ ಎಂಬ ಸೂಚನೆ ಅವನಿಗೇ ಬರುತ್ತಿರುತ್ತದೆ.